ಗಂಟೆಗೆ ಹದಿನೆಂಟು ಇಂಚು

ಮೂವತ್ತೆರಡು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತನಾದ ಶಿವಸಂಗಪ್ಪನಿಗೆ ಒಂದು ನಂಬಿಕೆಯಿತ್ತು. ನಮ್ಮೂರಿನಲ್ಲಿ ಲೆಕ್ಕ ಬಲ್ಲವನು ತಾನೊಬ್ಬನೇ ಎಂಬ ನಂಬಿಕೆ. ಊರವರು ಯಾರೂ ಅದನ್ನು ಅಲುಗಾಡಿಸಲು ಹೋಗಿರಲಿಲ್ಲ. ಯಾಕೆಂದರೆ ಲೆಕ್ಕ ಬೇಕಾಗುವ ಕೆಲಸ ಯಾವುದನ್ನೂ ನಾವು ಅವನಿಗೆ ಒಪ್ಪಿಸಿರಲಿಲ್ಲ. ಹೋದ ಆಷಾಢದಲ್ಲಿ ಒಪ್ಪಿಸಿದೆವು.

ನಮ್ಮೂರು ಕೂಡಲಸಂಗಮದಿಂದ ಮೂರು ಮೈಲಿ ದೂರ, ಕೃಷ್ಣೆಯ ದಂಡೆಯ ಮೇಲೆ. ಅರ್ಧ ಊರಿನ ಹೊಲಗಳಿಗೆ ಹೊಳೆಯದೇ ನೀರು. ದಂಡೆಯ ಉದ್ದಕ್ಕೂ ಮೋಟಾರುಗಳು ಪಂಕ್ತಿಯ ಊಟಕ್ಕೆ ಕೂತವರಂತೆ ಸಾಲಾಗಿ ಕೂತಿರುತ್ತವೆ. ಹೊಳೆ ಏರಿದರೆ ಅವುಗಳನ್ನು ಮೇಲಕ್ಕೆ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಮುಳುಗುತ್ತವೆ. ಇಳಿದರೆ ಕೆಳಕ್ಕೆ ತಳ್ಳಬೇಕು, ಇಲ್ಲದಿದ್ದರೆ ಪೈಪು ನೀರಿಗೆ ಮುಟ್ಟುವುದಿಲ್ಲ. ಆದ್ದರಿಂದ ಪಂಚಾಯಿತಿಯವರು ಹೊಳೆಗೆ ಇಳಿಯುವ ಮೆಟ್ಟಿಲು, ಅಂದರೆ ಪಾವಟಿಗೆಯ ಪಕ್ಕದ ಕಲ್ಲುಕಂಬಕ್ಕೆ ಬಿಳಿ ಬಣ್ಣ ಬಳಿದು, ಅಡಿ ಇಂಚುಗಳ ಗುರುತು ಹಾಕಿಸಿದರು. ದಿನಾ ಬೆಳಗ್ಗೆ ಆರಕ್ಕೆ ಆ ಕಂಬ ನೋಡಿ, ನಿನ್ನೆಯಿಂದ ಇವತ್ತಿಗೆ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಮೋಟಾರಿನವರ ವಾಟ್ಸಾಪ್ ಗುಂಪಿಗೆ ಹಾಕುವವರು ಬೇಕಾಗಿತ್ತು.

ಶಿವಸಂಗಪ್ಪ ಕೈ ಎತ್ತಿದ. ಎತ್ತಲು ಕಾರಣ ಹೊಳೆಯಲ್ಲ, ಅವನ ಹೆಂಡತಿಯ ತಮ್ಮ ಮಹಾಂತಪ್ಪ. ಎಂಟು ಮೈಲಿ ಆಚೆ, ಮಲಪ್ರಭೆಯ ದಂಡೆಯ ಊರಿನಲ್ಲಿ ಮಹಾಂತಪ್ಪ ಒಂದು ತಿಂಗಳಿಂದ ಇದೇ ಕೆಲಸ ಮಾಡುತ್ತಿದ್ದ. ತವರಿನ ಈ ಏಳಿಗೆಯನ್ನು ಬಾಳವ್ವ ಗಂಡನಿಗೆ ದಿನಕ್ಕೆ ಎರಡು ಸಲ ತಿಳಿಸುತ್ತಿದ್ದಳು.

"ನಮ್ಮ ತಮ್ಮ ಒಂದು ಮಾತು ಹೇಳಿದ್ರ ಇಡೀ ಊರು ಮೋಟಾರು ಎತ್ತತೈತಿ. ನೀವು ಹೇಳಿದ್ರ ಮನ್ಯಾಗಿನ ಫ್ಯಾನ್ ಸೈತ ತಿರುಗೂದಿಲ್ಲ."

ಮೊದಲ ದಿನ ಶಿವಸಂಗಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಾವಟಿಗೆಗೆ ಇಳಿದ. ನೀರು ಹಿಂದಿನ ದಿನಕ್ಕಿಂತ ಮೂರು ಇಂಚು ಏರಿತ್ತು. ಅವನು ಗುಂಪಿಗೆ ಹೀಗೆ ಬರೆದ: "ಬೆಳಿಗ್ಗೆ 6. ಹೊಳೆ -3 ಇಂಚು."

ಆ ಮೂರರ ಮುಂದೆ ಒಂದು ಗೀಟು ಇದೆಯಲ್ಲ, ಅದು ಕಂಡಕ್ಟರಿಕೆಯ ಗೀಟು. ಕಾಗದದಲ್ಲಿ ಯಾವ ಅಂಕಿ ಬರೆದರೂ ಮುಂದೆ ಒಂದು ಗೀಟು ಎಳೆಯುವುದು ಅವನ ಮೂವತ್ತೆರಡು ವರ್ಷದ ರೂಢಿ. ಗೀಟು ಇಲ್ಲದಿದ್ದರೆ ಯಾರಾದರೂ ಮೂರರ ಮುಂದೆ ಒಂದು ಸೇರಿಸಿ ಹದಿಮೂರು ಮಾಡಿಬಿಟ್ಟಾರು ಎಂಬ ಎಚ್ಚರ. ಹೊಳೆಯ ನೀರಿಗೆ ಹತ್ತು ಇಂಚು ಕದ್ದು ಸೇರಿಸಿ ಯಾರಿಗೆ ಏನು ಲಾಭ ಎಂದು ಅವನು ಯೋಚಿಸಲಿಲ್ಲ. ಎಚ್ಚರ ಎಂದರೆ ಎಚ್ಚರ.

ಗುಂಪಿನವರು ಅದನ್ನು ಮೈನಸ್ ಮೂರು ಎಂದು ಓದಿದರು. ಹೊಳೆ ಇಳಿದಿದೆ ಎಂದು ಇಪ್ಪತ್ತು ಜನ ಇಪ್ಪತ್ತು ಮೋಟಾರುಗಳನ್ನು ಕೆಳಕ್ಕೆ ತಳ್ಳಿದರು. ಏರುವ ಹೊಳೆ, ಇಳಿದ ಮೋಟಾರು, ಎರಡೂ ಮಧ್ಯಾಹ್ನದ ಹೊತ್ತಿಗೆ ಭೆಟ್ಟಿಯಾದವು. ಹತ್ತೊಂಬತ್ತು ಜನ ಓಡಿಹೋಗಿ ಎಳೆದುಕೊಂಡರು. ಹಿಟ್ಟಿನ ಗಿರಣಿಯ ಅಯೂಬ ಮಾತ್ರ ಗಿರಣಿ ಬಿಟ್ಟು ಬರುವಷ್ಟರಲ್ಲಿ ತಡವಾಗಿತ್ತು.

ಅಯೂಬ ಮೈಯೆಲ್ಲ ಹಿಟ್ಟು ಮಾಡಿಕೊಂಡೇ ಶಿವಸಂಗಪ್ಪನ ಮನೆಗೆ ಬಂದ. ಇಬ್ಬರೂ ಒಂದೇ ಸಾಲಿಯಲ್ಲಿ ಕಲಿತವರು, ಮಾತಿಗೆ ಮುಲಾಜಿಲ್ಲ.

"ಲೇ ಶಿವಸಂಗ್ಯಾ, ನನ್ನ ಮೋಟಾರು ಮೀನಾತಲ್ಲೋ!"

"ಯಾಕ? ನಾ ಮುಂಜಾನೇನ ಹೇಳಿನಲ್ಲ, ಮೂರು ಇಂಚು ಏರೇತಿ ಅಂತ."

"ಮೈನಸ್ ಮೂರು ಅಂದೀ!"

"ಮೈನಸ್ ಎಲ್ಲೈತಿ?" ಎಂದು ಶಿವಸಂಗಪ್ಪ ಮೊಬೈಲು ತೆಗೆದು ಕನ್ನಡಕ ಏರಿಸಿ ನೋಡಿದ. "ಇದು ಗೀಟೋ. ಕಾವಲಿಗೆ ಹಾಕಿದ್ದು."

"ನಿನ್ನ ಕಾವಲು ನನ್ನ ಮೋಟಾರು ನುಂಗ್ತಲ್ಲೋ!"

ಮೋಟಾರನ್ನು ಹಗ್ಗ ಹಾಕಿ ಎಳೆದು, ಗಿರಣಿಯ ಮಾಳಿಗೆಯ ಮೇಲೆ ಸಂಡಿಗೆಯಂತೆ ಒಣಗಿಸಿದರು. ನಾಲ್ಕನೆಯ ದಿನ ಅದು ಕೆಮ್ಮುತ್ತ ಕೆಮ್ಮುತ್ತ ತಿರುಗಿತು. ಆಮೇಲೆ ಅಯೂಬನ ಸಿಟ್ಟೂ ಇಳಿಯಿತು. ಆದರೆ ಊರಿನ ಹಿರಿಯರು ಸುಮ್ಮನಿರದೆ ಶಿವಸಂಗಪ್ಪನನ್ನು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಪ್ರಿಯದರ್ಶಿನಿ ಅಕ್ಕೋರ ಬಳಿಗೆ ಕರೆದುಕೊಂಡು ಹೋದರು. ಅಕ್ಕೋರು ಎಂಟನೆಯ ಇಯತ್ತೆಯವರಿಗೆ ಹೇಳುವಷ್ಟೇ ಸಮಾಧಾನದಿಂದ ಹೇಳಿದರು.

"ಕಾಕಾರ, ನಿಮ್ಮ ಬಸ್ಸಿಗೆ ಮಂದಿ ಹತ್ತಿದ್ರ ಪ್ಲಸ್, ಇಳದ್ರ ಮೈನಸ್. ಹೊಳಿಗೂ ಅಷ್ಟ. ಏರಿದ್ರ ಪ್ಲಸ್, ಇಳದ್ರ ಮೈನಸ್. ಎಷ್ಟು ತಾಸಿನ್ಯಾಗ ಏರಿತು ಅನ್ನೂದೂ ಮುಖ್ಯ ರಿ. ಅದನ್ನ ಮರೀಬ್ಯಾಡ್ರಿ."

ಮೊದಲ ಎರಡು ಮಾತು ಶಿವಸಂಗಪ್ಪನ ತಲೆಯೊಳಗೆ ಹೋದವು. ಮೂರನೆಯದಕ್ಕೆ ಸೀಟು ಸಿಗಲಿಲ್ಲ. ಅವನು ಆಗಲೇ ಎದ್ದು ನಿಂತು ಕೈಮುಗಿದು, "ತಿಳೀತ್ರಿ ಅಕ್ಕೋರ, ಪೂರ್ತಿ ತಿಳೀತು" ಎಂದುಬಿಟ್ಟಿದ್ದ.

ಅವತ್ತಿನಿಂದ ಅವನ ಬಾಯಲ್ಲಿ ಪ್ಲಸ್ಸೇ ಪ್ಲಸ್ಸು. "ಬಾಳವ್ವಾ, ಪ್ಲಸ್ ಒಂದು ಕಪ್ ಚಾ" ಎನ್ನುತ್ತಿದ್ದ. ಮನೆಯಿಂದ ಅತಿಥಿ ಎದ್ದು ಹೋದರೆ "ಮೈನಸ್ ಒಂದು" ಎಂದು ಅವರ ಬೆನ್ನ ಹಿಂದೆಯೇ ಹೇಳಿ ಬಾಳವ್ವನಿಂದ ಬೈಸಿಕೊಳ್ಳುತ್ತಿದ್ದ. ಆದರೂ ಗುಂಪಿಗೆ ಬರುವ ಅಂಕಿಗಳು ಸರಿಯಾದವು. ಹದಿನೈದು ದಿನ ಒಂದು ಮೋಟಾರಿಗೂ ತೇವ ತಾಗಲಿಲ್ಲ. ಬಾಳವ್ವ ತಮ್ಮನಿಗೆ ಫೋನು ಮಾಡಿ, "ನಿಮ್ಮ ಮಾವಾರೂ ಏನ್ ಕಡಿಮಿ ಇಲ್ಲಪಾ" ಎಂದಳು. ಅದನ್ನು ಶಿವಸಂಗಪ್ಪ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ.

ಅಷ್ಟರಲ್ಲಿ ಮೇಲೆ ಘಟ್ಟದ ಕಡೆ ಮಳೆ ಜೋರಾಗಿ, ಎರಡೂ ಹೊಳೆಗಳಿಗೆ ನೀರು ಬಂತು. ತಾಲೂಕಿನಿಂದ ದಂಡೆಯ ಊರುಗಳಿಗೆಲ್ಲ ಒಂದು ನಮೂನೆ ಕಳಿಸಿದರು. ಕಳಿಸಿದ ಅಧಿಕಾರಿ ಮಹೇಶ್ವರಿ ಮೇಡಂ ಮೈಸೂರು ಕಡೆಯವರು, ಈ ಕಡೆಗೆ ಬಂದು ಎರಡು ತಿಂಗಳಾಗಿತ್ತು. ನಮೂನೆಯಲ್ಲಿ ಒಂದು ಕಾಲಂ ಹೀಗಿತ್ತು: "ಗಂಟೆಗೆ ಏರಿಕೆ (+) / ಇಳಿಕೆ (-), ಇಂಚುಗಳಲ್ಲಿ."

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಹೊತ್ತಿನ ಉದ್ದ ಅಳೆಯುವುದು ತಾಸಿನಿಂದ. ಗಂಟೆ ಎಂದರೆ ಗಡಿಯಾರ ತೋರಿಸುವ ಗಂಟೆ. ಶಿವಸಂಗಪ್ಪ "ಗಂಟೆಗೆ" ಎಂಬುದನ್ನು ಎರಡು ಸಲ ಓದಿ, ಪಾಪ, ಎಷ್ಟು ಗಂಟೆಗೆ ನೋಡಬೇಕು ಎಂದು ಬರೆಯಲು ಮರೆತಿದ್ದಾರೆ ಎಂದುಕೊಂಡ. ತಾನೇ ಪೆನ್ನಿನಿಂದ ಮುಂದೆ "6" ಸೇರಿಸಿದ. ಆರು ಗಂಟೆಗೆ ನೋಡಿದಾಗ, ಹಿಂದಿನ ಬೆಳಗಿನಿಂದ ಹೊಳೆ ಹದಿನೆಂಟು ಇಂಚು ಏರಿತ್ತು. ಪ್ಲಸ್ ಮರೆಯದೆ ದಪ್ಪಗೆ "+18" ಎಂದು ಬರೆದು, ಫೋಟೋ ತೆಗೆದು ಕಳಿಸಿಬಿಟ್ಟ. ಫೋಟೋದಲ್ಲಿ ಅವನ ಹೆಬ್ಬೆರಳು ಸರಿಯಾಗಿ ಆ 6ರ ಮೇಲೆ ಬಿದ್ದಿತ್ತು.

ಮಹೇಶ್ವರಿ ಮೇಡಂ ಗಂಟೆಗೆ ಹದಿನೆಂಟು ಇಂಚು ಎಂದು ಓದಿದರು. ಇಪ್ಪತ್ನಾಲ್ಕು ಗಂಟೆಗೆ ಗುಣಿಸಿದರು. ಮೂವತ್ತಾರು ಅಡಿ ಬಂತು. ಮತ್ತೊಮ್ಮೆ ಗುಣಿಸಿದರು, ಮತ್ತೆ ಮೂವತ್ತಾರೇ ಬಂತು. ನಾಳೆ ಈ ಹೊತ್ತಿಗೆ ಊರಿನ ಗುಡಿಯ ಕಳಸದ ಮೇಲೆ ಮೊಸಳೆ ಆಡುವ ಲೆಕ್ಕ. ಶಿವಸಂಗಪ್ಪನಿಗೆ ಫೋನು ಮಾಡಿದರು.

"ನೀವು ಕಳಿಸಿದ ಅಂಕಿ ಸರಿಯಾಗಿದೆಯೇನ್ರೀ? ಗಂಟೆಗೆ ಹದಿನೆಂಟು?"

"ಹೌದ್ರಿ ಮೇಡಂ, ನನ್ನ ಕಣ್ಣಾರೆ ನೋಡೀನ್ರಿ. ಅದರ ಮ್ಯಾಲ ಪ್ಲಸ್ಸೂ ಹಾಕೀನ್ರಿ."

"ಜನ ಹೆದರಿದ್ದಾರಾ?"

ಶಿವಸಂಗಪ್ಪ ಸುತ್ತ ನೋಡಿದ. ಕಟ್ಟೆಯ ಮೇಲೆ ನಾಲ್ಕು ಜನ ಚುರುಮುರಿ ತಿನ್ನುತ್ತಿದ್ದರು. "ಭಾಳ ಸಮಾಧಾನ ಅದಾರ್ರಿ" ಎಂದ.

ಇಂಥ ಧೀರ ಜನರನ್ನು ಉಳಿಸಲೇಬೇಕೆಂದು ಮೇಡಂ ಹೊರಟರು. ಒಂಬತ್ತೂವರೆಗೆ ಊರಿಗೆ ಎರಡು ಬಸ್ಸು, ರಬ್ಬರಿನ ದೋಣಿ ಹೇರಿದ ಒಂದು ಲಾರಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹನ್ನೆರಡು ಜನ ರಕ್ಷಣಾ ದಳದವರು, ಆಂಬುಲೆನ್ಸು, ಒಂದು ಕಡಾಯಿ ಉಪ್ಪಿಟ್ಟು ಬಂದಿಳಿದವು. ಮೈಕಿನಲ್ಲಿ, "ಎಲ್ಲರೂ ಮನೆ ಖಾಲಿ ಮಾಡಿ ಬಸ್ಸು ಹತ್ತಬೇಕು" ಎಂದು ಕೂಗಿದರು.

ಊರು ಒಮ್ಮೆಲೇ ಎದ್ದಿತು. ನೇಕಾರರ ಓಣಿಯ ಮೆಹರುನ್ನಿಸಾ ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಹೇಗೆ ಒಯ್ಯುವುದೆಂದು ತಿಳಿಯದೆ, ರಕ್ಷಣಾ ದಳದವನೊಬ್ಬನನ್ನು ಕರೆದು, "ಮಗ್ಗಾ ಬಿಚ್ಚಾಕ ಬರತೈತೇನಪಾ?" ಎಂದು ಕೇಳಿದಳು. ಮುದುಕಿ ಬೋರವ್ವ ತನ್ನ ಎಮ್ಮೆಯನ್ನು ಮೊದಲು ಹತ್ತಿಸಿ, ಆಮೇಲೆ ತಾನು ಹತ್ತುವುದಾಗಿ ಬಸ್ಸಿನ ಬಾಗಿಲಲ್ಲಿ ಹಟ ಹಿಡಿದಳು. ಎಮ್ಮೆ ಮುಂಗಾಲು ಎರಡನ್ನೂ ಮೆಟ್ಟಿಲ ಮೇಲಿಟ್ಟು ಒಳಗೆ ನೋಡಿತು. ಸೀಟುಗಳು ಹಿಡಿಸಲಿಲ್ಲವೆಂದು ತೋರುತ್ತದೆ, ಹಿಂದಕ್ಕೆ ಸರಿಯಿತು. ಶಿವಸಂಗಪ್ಪ ಮಾತ್ರ ಬಸ್ಸು ಕಂಡ ಸಂಭ್ರಮದಲ್ಲಿ ಎಲ್ಲ ಮರೆತು, "ಒಳಗ ಸರೀರಿ, ಒಳಗ ಸರೀರಿ" ಎನ್ನುತ್ತ ಜನರನ್ನು ಹತ್ತಿಸತೊಡಗಿದ್ದ.

"ಶಿವಸಂಗಪ್ಪ ಅನ್ನುವವರು ಯಾರು?" ಎಂದು ಮೇಡಂ ಕೇಳಿದರು.

"ನಾನ ರಿ."

"ನೀರು ತೋರಿಸಿ."

ಎಲ್ಲರೂ ಪಾವಟಿಗೆಗೆ ಹೋದರು. ಕೃಷ್ಣೆ ಉಂಡು ಮಲಗಿದ ಹಸುವಿನಂತೆ ಸುಮ್ಮನೆ ಹರಿಯುತ್ತಿದ್ದಳು. ಮೇಡಂ ಕೈಗಡಿಯಾರ ನೋಡುತ್ತ ಕಂಬದ ಎದುರು ನಿಂತರು. ಹಿಂದೆ ದಳದವರು, ಅವರ ಹಿಂದೆ ಊರು, ಕೊನೆಗೆ ಎಮ್ಮೆ. ಒಂದು ತಾಸು ಎಲ್ಲರೂ ಕಂಬವನ್ನೇ ನೋಡುತ್ತ ನಿಂತರು. ಹತ್ತು ಮುಕ್ಕಾಲಿಗೆ ಗುರುತು ನೋಡಿದರೆ ನೀರು ಅರ್ಧ ಇಂಚು ಇಳಿದಿತ್ತು.

"ಇದು ಮೈನಸ್ ಅರ್ಧ" ಎಂದರು ಮೇಡಂ. ದನಿ ತಣ್ಣಗಿತ್ತು. "ನೀವು ಪ್ಲಸ್ ಹದಿನೆಂಟು ಬರೆದಿದ್ದೀರಿ. ಗಂಟೆಗೆ."

"ಆರು ಗಂಟೆಕ್ಕ ನೋಡಿದಾಗ ಹದಿನೆಂಟ ಇತ್ತು ರಿ. ನಿನ್ನಿ ಮುಂಜಾನಿಂದ."

"ಅದು ದಿನಕ್ಕೆ! ನಾನು ಕೇಳಿದ್ದು ಗಂಟೆಗೆ!"

"ತಾಸಿಗೆ ಅಂತ ಬರೀಬೇಕಾಗಿತ್ತಲ್ರಿ ಮೇಡಂ" ಎಂದ ಶಿವಸಂಗಪ್ಪ, ನಿಜವಾಗಿಯೂ ಅವರ ಮೇಲೆ ಮರುಕಪಟ್ಟು.

ಅಯೂಬ ಹಣೆ ಬಡಿದುಕೊಂಡ. ಪ್ರಿಯದರ್ಶಿನಿ ಅಕ್ಕೋರು ಹದಿನೆಂಟನ್ನು ಇಪ್ಪತ್ನಾಲ್ಕರಿಂದ ಭಾಗಿಸಿ, "ತಾಸಿಗೆ ಮುಕ್ಕಾಲು ಇಂಚು ರಿ ಮೇಡಂ. ಈಗ ಅದೂ ನಿಂತು ಇಳ್ಯಾಕತ್ತೈತಿ" ಎಂದರು. ಮೇಡಂ ಬಸ್ಸು, ಲಾರಿ, ದೋಣಿ, ಉಪ್ಪಿಟ್ಟು ಎಲ್ಲವನ್ನೂ ಒಂದು ಸಲ ತಿರುಗಿ ನೋಡಿದರು. ಇದಕ್ಕೆಲ್ಲ ಮೇಲಿನವರಿಗೆ ಉತ್ತರ ಕೊಡಬೇಕಾದವರು ಅವರು. ಶಿವಸಂಗಪ್ಪ ಒಂದೊಂದೇ ಹೆಜ್ಜೆ ಅಯೂಬನ ಬೆನ್ನ ಹಿಂದೆ ಸರಿದ.

ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು. ಅಕ್ಕನ ಊರು ಮುಳುಗುತ್ತಿದೆ ಎಂಬ ಸುದ್ದಿ ಕೇಳಿ ಮಹಾಂತಪ್ಪ ಮೂರು ಟ್ರ್ಯಾಕ್ಟರು, ಹಗ್ಗ, ತನ್ನೂರಿನ ಗಂಡಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಬಾಳವ್ವ ಒಣ ಸೀರೆಯುಟ್ಟು ಪಾವಟಿಗೆಯ ಮೇಲೆ ನಿಂತಿದ್ದನ್ನು ಕಂಡು ಅವನಿಗೆ ಸಂತೋಷವಾಗಬೇಕಿತ್ತು. ಆದರೆ ತುಸು ನಿರಾಸೆಯೇ ಆದಂತಿತ್ತು.

"ಅಕ್ಕಾ, ನೀ ಮುಳುಗಿಲ್ಲೇನು?"

"ಮುಳುಗಿದ್ರ ನಿನ್ನ ಕೂಡ ಮಾತಾಡ್ತಿದ್ದೇನೋ? ಬಾ, ಉಪ್ಪಿಟ್ಟು ತಿನ್ನು."

ಮಹಾಂತಪ್ಪ ಶಿವಸಂಗಪ್ಪನ ಕಡೆ ತಿರುಗಿದ. "ಮಾವಾ, ನಿಮ್ಮ ಹದಿನೆಂಟು ಕೇಳಿ ಎದಿ ಒಡದಂಗಾತು. ನಮ್ಮದು ಬರೇ ಹನ್ನೆರಡ ನೋಡ್ರಿ. ಇಲ್ಲಿ ಜೋರೈತಿ ಅಂತ ಅಲ್ಲಿಯ ಗಂಡಸರನ್ನೆಲ್ಲ ಎಬ್ಬಿಸಿಕೊಂಡು ಬಂದೆ."

ಅಂಕಿಯಲ್ಲಿ ಬಾಮೈದನನ್ನು ಸೋಲಿಸಿದ್ದಕ್ಕೆ ಶಿವಸಂಗಪ್ಪನ ಮೀಸೆ ಒಂದು ಕ್ಷಣ ಮೇಲಕ್ಕೆ ಎದ್ದಿತು. ಆದರೆ ಎದುರಿಗೆ ಮೇಡಂ ಇದ್ದರು. ಇನ್ನೊಂದು ತಪ್ಪು ಆಗಬಾರದೆಂದು ಅವನು ಮೆಲ್ಲಗೆ ಕೇಳಿದ.

"ಹನ್ನೆರಡು, ಎಷ್ಟು ತಾಸಿನ್ಯಾಗ?"

"ಐದು ಗಂಟೆಕ್ಕ ನೋಡಿದ್ದೆ, ಒಂಬತ್ತಕ್ಕ ನೋಡಿದೆ. ನಾಕು ತಾಸು."

ಶಿವಸಂಗಪ್ಪ ಕಣ್ಣು ಮುಚ್ಚಿದ. ಅವನ ತುಟಿಗಳು ಅಲುಗಾಡಿದವು. ಆಮೇಲೆ ಅವನು ಅಕ್ಕೋರ ಕಡೆ ನೋಡಿದ. "ಅಕ್ಕೋರ, ಹುನಗುಂದದಿಂದ ಬಾಗಲಕೋಟಿ ಮಟ ಹದಿನೆಂಟು ಮಂದಿ ಹತ್ತಿದ್ರ ಚಿಂತಿಲ್ಲ, ಬಸ್ಸಿನ್ಯಾಗ ಕೂಡತಾರ. ಒಂದ ಸ್ಟಾಪಿನ್ಯಾಗ ಹನ್ನೆರಡು ಮಂದಿ ಹತ್ತಿದ್ರ? ಮುಂದಿನ ಸ್ಟಾಪಿಗೂ ಹನ್ನೆರಡು, ಅದರ ಮುಂದಿನ್ದಕ್ಕೂ ಹನ್ನೆರಡು ಹತ್ತಿದ್ರ?"

ಅಕ್ಕೋರ ಮುಖ ಬದಲಾಯಿತು. "ತಾಸಿಗೆ ಮೂರು ಇಂಚು" ಎಂದರು. "ಕಾಕಾರು ಖರೇ ಹೇಳ್ತಾರ್ರಿ. ಹದಿನೆಂಟು ದೊಡ್ಡದಲ್ಲ, ಹನ್ನೆರಡ ದೊಡ್ಡದು. ಇಲ್ಲಿ ಏರಿದ್ದರ ನಾಕು ಪಟ್ಟು ಅಲ್ಲಿ ಏರಾಕತ್ತೈತಿ!"

ಮಹಾಂತಪ್ಪನ ಕೈಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು.

"ಒಂಬತ್ತಕ್ಕ ನಿಮ್ಮ ಮೋಟಾರು ನೀರಿಗಿಂತ ಎಷ್ಟು ಮ್ಯಾಲ ಇದ್ದವು?" ಎಂದು ಅಕ್ಕೋರು ಕೇಳಿದರು.

"ಒಂದೂವರಿ ಅಡಿ ಇರಬೇಕು ರಿ. ನಾಳಿ ಎತ್ತೂಣಂತ ಬಿಟ್ಟಿದ್ವಿ."

"ಒಂದೂವರಿ ಅಡಿ ಅಂದ್ರ ಹದಿನೆಂಟು ಇಂಚು. ತಾಸಿಗೆ ಮೂರು. ಆರು ತಾಸು. ಮೂರು ಗಂಟೆಕ್ಕ ನೀರು ಮೋಟಾರಿಗೆ ಬರತೈತಿ. ಈಗ ಹನ್ನೊಂದಾತು."

"ನಲವತ್ತು ಮೋಟಾರು ಅದಾವ ರಿ!" ಮಹಾಂತಪ್ಪನ ದನಿ ಕೀರಲಾಯಿತು. "ಊರಾಗ ಗಂಡಸರ ಇಲ್ಲ. ಎಲ್ಲಾರನ್ನೂ ನಾನ ಇಲ್ಲಿಗೆ ಕರಕೊಂಡು ಬಂದೀನಿ!"

ಎಲ್ಲರೂ ಮೇಡಂ ಕಡೆ ನೋಡಿದರು. ಅವರು ಸೆರಗು ಸಿಕ್ಕಿಸಿಕೊಂಡು, "ಬಸ್ಸು ಇದೆ, ದಳ ಇದೆ, ಜನ ಇದ್ದಾರೆ. ಇನ್ನೇನು ಬೇಕು? ಹೊರಡಿ!" ಎಂದರು.

ಹೀಗೆ ನಮ್ಮನ್ನು ಉಳಿಸಲು ಬಂದವರು ನಮ್ಮನ್ನೇ ಬಸ್ಸಿಗೆ ತುಂಬಿಕೊಂಡು ಬೇರೆ ಊರು ಉಳಿಸಲು ಹೊರಟರು. ಬೋರವ್ವ ತನ್ನ ಎಮ್ಮೆಯನ್ನು ಬಿಟ್ಟು ಹೊರಟರೆಂದು ಹಿಂದಿನಿಂದ ಬೈಯುತ್ತಿದ್ದಳು. ಹನ್ನೆರಡಕ್ಕೆ ನಾವು ಮಲಪ್ರಭೆಯ ದಂಡೆ ಮುಟ್ಟಿದಾಗ, ಕೆಂಪು ನೀರು ಜಾಲಿಕಂಟಿಗಳನ್ನು ಒಂದೊಂದಾಗಿ ನುಂಗುತ್ತ ಬರುತ್ತಿತ್ತು. ಕಿತ್ತಳೆ ಅಂಗಿಯವರು, ನೇಕಾರರು, ಹೊಲದವರು, ಬಸ್ಸಿನ ಡ್ರೈವರುಗಳು ಎಲ್ಲರೂ ಹಗ್ಗಕ್ಕೆ ಕೈ ಹಚ್ಚಿದರು. ಶಿವಸಂಗಪ್ಪ ಅಳತೆಗಂಬದ ಬಳಿ ನಿಂತು ಅರ್ಧ ಅರ್ಧ ತಾಸಿಗೆ ಕೂಗುತ್ತಿದ್ದ. "ಪ್ಲಸ್ ಒಂದೂವರಿ! ಲಗೂ ಎಳೀರಿ!" ಮತ್ತೆ ಅರ್ಧ ತಾಸಿಗೆ, "ಪ್ಲಸ್ ಒಂದೂವರಿ! ಇನ್ನ ಹದಿನೇಳು ಮೋಟಾರು ಅದಾವ!" ಅಯೂಬ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಎಳೆದ ಮೋಟಾರಿಗೊಂದು ಬೈಗುಳ ಕೊಡುತ್ತಿದ್ದ. ಎಲ್ಲ ಬೈಗುಳವೂ ಶಿವಸಂಗಪ್ಪನ ಹೆಸರಿಗೇ ಇತ್ತು, ಆದರೆ ಒಂದರಲ್ಲೂ ಸಿಟ್ಟಿರಲಿಲ್ಲ.

ನಲವತ್ತನೆಯ ಮೋಟಾರು ಮೇಲೆ ಬಂದಾಗ ಮೂರು ಗಂಟೆಗೆ ಐದು ನಿಮಿಷ ಇತ್ತು. ಐದು ನಿಮಿಷಕ್ಕೆ ಸರಿಯಾಗಿ ನೀರು ಅದು ಕೂತಿದ್ದ ಕಲ್ಲನ್ನು ಮುಟ್ಟಿತು. ಅಕ್ಕೋರು ಗಡಿಯಾರ ನೋಡಿ, ಪರೀಕ್ಷೆ ಪಾಸಾದ ಹುಡುಗಿಯಂತೆ ನಕ್ಕರು.

ಮೇಡಂ ಬಂಡೆಯ ಮೇಲೆ ಕೂತು ವರದಿ ಬರೆಯತೊಡಗಿದರು. "ಏನಂತ ಬರೆಯಲಿ ಶಿವಸಂಗಪ್ಪ? ದಳ ಯಾಕೆ ಕರೆಸಿದೆ ಅಂತ ಕೇಳ್ತಾರೆ."

ಶಿವಸಂಗಪ್ಪ ತಲೆ ತಗ್ಗಿಸಿದ. "ನಾ ತಪ್ಪು ಬರದೆ ಅಂತ ಬರೀರಿ ಮೇಡಂ. ನಾಳಿಂದ ಈ ಕೆಲಸ ಬಿಡ್ತೇನ್ರಿ."

"ಬಿಡಾಕ ನೀ ಯಾರೋ?" ಎಂದು ಅಯೂಬ ಕೆಸರಿನಿಂದಲೇ ಕೂಗಿದ. "ನನ್ನ ಒಂದು ಮೋಟಾರು ಮುಳುಗಿಸಿ ನಲವತ್ತು ಎತ್ತಿಸೀದಿ. ಲೆಕ್ಕಾ ಹಚ್ಚಿ ನೋಡು, ಪ್ಲಸ್ ಮೂವತ್ತೊಂಬತ್ತು!"

ಮೇಡಂ ನಕ್ಕು ಬರೆದರು. ಏನು ಬರೆದರೋ ನಮಗೆ ತಿಳಿಯದು. ಆದರೆ ಮುಂದಿನ ವಾರ ಬಂದ ನಮೂನೆಯಲ್ಲಿ "ಗಂಟೆಗೆ" ಹೋಗಿ "ಒಂದು ತಾಸಿಗೆ" ಎಂದು ಅಚ್ಚಾಗಿತ್ತು.

ಆ ದಿನ ಮಹಾಂತಪ್ಪನ ಮನೆಯಂಗಳದಲ್ಲಿ ಎರಡೂ ಊರಿಗೆ ಊಟ. ಬಾಳವ್ವ ತವರಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕೆಲಸ ಮುಗಿಸಿ ಎಲ್ಲರಿಗಿಂತ ಕೊನೆಗೆ ಬಂದ ಮಹಾಂತಪ್ಪ ಶಿವಸಂಗಪ್ಪನ ಪಕ್ಕದಲ್ಲೇ ಕೂತು, ಸ್ವಲ್ಪ ಹೊತ್ತಿಗೆ ಹುರುಪು ಬಂದು, ಅಕ್ಕನಿಗೆ ಕೂಗಿ ಹೇಳಿದ.

"ಅಕ್ಕಾ, ಮಾವಾರು ಆರು ರೊಟ್ಟಿ ಮುಗಿಸ್ಯಾರ. ನಾ ಬರೇ ನಾಕು ನೋಡು."

ಶಿವಸಂಗಪ್ಪ ತುತ್ತು ಕೆಳಗಿಟ್ಟ. ಗಂಭೀರವಾಗಿ ಅಕ್ಕೋರ ಕಡೆ ತಿರುಗಿದ.

"ಅಕ್ಕೋರ, ನಾ ಊಟಕ್ಕ ಕುಂತು ಒಂದು ತಾಸಾತು. ಇಂವ ಕುಂತು ಹತ್ತು ನಿಮಿಷ ಆತು. ಈಗ ನೀವ ಹೇಳ್ರಿ, ಹೊಟ್ಟೀಬಾಕ ಯಾರು?"

ಅಕ್ಕೋರು ಉತ್ತರ ಹೇಳುವ ಮೊದಲೇ ಇಡೀ ಪಂಕ್ತಿ ನಕ್ಕುಬಿಟ್ಟಿತು. ಮಹಾಂತಪ್ಪ ಕೈಯಲ್ಲಿದ್ದ ಐದನೆಯ ರೊಟ್ಟಿಯನ್ನು ನೋಡಿ, ಇಡಬೇಕೋ ತಿನ್ನಬೇಕೋ ತಿಳಿಯದೆ ಕೂತ. ಬಾಳವ್ವ ಬುಟ್ಟಿ ಹಿಡಿದು ಬಂದು, ಗಂಡನ ತಾಟಿಗೆ ಒಂದು, ತಮ್ಮನ ತಾಟಿಗೆ ಒಂದು ರೊಟ್ಟಿ ಹಾಕಿದಳು.

"ನಾ ತಾಸಿಗೆ ಅರವತ್ತು ಬಡಿಯಾಕತ್ತೀನಿ, ನೀವು ತಾಸಿಗೆ ನೂರು ತಿನ್ನಾಕತ್ತೀರಿ" ಎಂದಳು. "ಬುಟ್ಟಿ ಮೈನಸ್ ಆಗಾಕತ್ತೈತಿ. ಮಾತು ಬಿಟ್ಟು ಲಗೂ ಉಣ್ರಿ."